ಸದ್ದು ವಿಭಾಗದ ಸಾಹೇಬರ ಕಾರು

“ಇದು ಯಾಕೆ ಸುಮ್ನಾಗ್ತಿಲ್ಲ?”

ಸದ್ದು ನಿವಾರಣಾ ವಿಭಾಗದ ಸಾಹೇಬರು ಕಚೇರಿಯ ಅಂಗಳದಲ್ಲಿ ತಮ್ಮ ಹೊಸ ಕಾರಿನ ಪಕ್ಕ ನಿಂತು, ಯಾರ ಮುಖವನ್ನೂ ನೋಡದೆ, ಗಾಳಿಗೆ ಈ ಪ್ರಶ್ನೆ ಹಾಕಿದರು. ಸಾಹೇಬರಾದವರು ಯಾರನ್ನೂ ಕೇಳದೆ ಕೇಳಿದ ಪ್ರಶ್ನೆ ಎಲ್ಲರನ್ನೂ ಕೇಳಿದಂತೆಯೇ. ಲೋಕಾನುಭವವುಳ್ಳ ನೌಕರರು ಅಂಥ ಹೊತ್ತಿನಲ್ಲಿ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುತ್ತಾರೆ. ಟಪಾಲಿನವನು ತನ್ನ ಚೀಲದೊಳಗೆ ಮೊಣಕೈವರೆಗೆ ಕೈಹಾಕಿ ಇಲ್ಲದ ಕಾಗದವೊಂದನ್ನು ಹುಡುಕತೊಡಗಿದ. ಟೈಪಿನಕ್ಕ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಕಿವಿಯಣ್ಣ ಮಾತ್ರ ಎರಡು ಹೆಜ್ಜೆ ಮುಂದೆ ಬಂದ.

ಕಿವಿಯಣ್ಣನಿಗೆ ತಂದೆತಾಯಿ ಇಟ್ಟ ಹೆಸರೂ ಒಂದಿತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆ ಯಾರಿಗೂ ಅದರ ಅಗತ್ಯ ಬಿದ್ದಿರಲಿಲ್ಲ. ಹತ್ತು ವರ್ಷದ ಹಿಂದೆ ಯಾವುದೋ ವಸತಿಗೃಹದ ಮೂರನೇ ಮಹಡಿಯಲ್ಲಿ ಗೋಡೆ ನರಳುತ್ತದೆ ಎಂದು ದೂರು ಬಂದು, ಇಡೀ ವಿಭಾಗ ಹೋಗಿ ಗೋಡೆಗೆ ಕೆನ್ನೆಯಿಟ್ಟು ನಿಂತಿತ್ತು. ಆಗ ಈತ ದೂರದಲ್ಲೇ ಕಣ್ಣುಮುಚ್ಚಿ, ತಲೆಯನ್ನು ಎಡಕ್ಕೆ ವಾಲಿಸಿ, “ನೀರಿನ ಪೈಪು” ಎಂದಿದ್ದ. ಪೈಪೇ ಆಗಿತ್ತು. ಮೆಟ್ಟಿಲು ಹತ್ತುವಾಗ ಆ ಪೈಪು ಗಡಗಡ ಅಲ್ಲಾಡುತ್ತಿದ್ದುದನ್ನು ಅವನು ಕಣ್ಣಾರೆ ಕಂಡಿದ್ದ ಎಂಬ ಅಲ್ಪ ಸಂಗತಿ ವರದಿಯಲ್ಲಿ ಸೇರಲಿಲ್ಲ. ಕಣ್ಣು ಮಾಡಿದ ಕೆಲಸಕ್ಕೆ ಕಿವಿ ಬಿರುದು ಹೊತ್ತುಕೊಂಡಿತು. ಅಂದಿನಿಂದ ಅವನು ಏನನ್ನೇ ಕೇಳಿಸಿಕೊಂಡರೂ ಕಣ್ಣುಮುಚ್ಚಿ ಎಡಕ್ಕೆ ವಾಲುತ್ತಿದ್ದ. ಮನೆಯಲ್ಲಿ ಹೆಂಡತಿ ಸಾಮಾನಿನ ಪಟ್ಟಿ ಹೇಳುವಾಗಲೂ ಅಷ್ಟೆ. ಆ ಸಾಮಾನು ಮಾತ್ರ ಯಾವತ್ತೂ ಪೂರ್ತಿ ಬಂದದ್ದಿಲ್ಲ.

ವಿಭಾಗದ ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಊರಿನಲ್ಲಿ ಎಲ್ಲಿ ಸದ್ದಾದರೂ ದೂರು ಇಲ್ಲಿಗೆ ಬರುತ್ತದೆ. ಇವರು ಅಳೆಯುವ ಯಂತ್ರ ಹಿಡಿದು ಹೋಗುತ್ತಾರೆ. ಹೋದ ಹೊತ್ತಿಗೆ ಸದ್ದಿಲ್ಲದಿದ್ದರೆ ‘ಕಡತ ಮುಕ್ತಾಯ’ ಎಂಬ ಮೊಹರು ಬೀಳುತ್ತದೆ. ಸದ್ದು ಯಾಕೆ ಬಂತು, ಯಾಕೆ ನಿಂತಿತು ಎಂಬುದು ಬೇರೆ ವಿಭಾಗದ ವಿಷಯ. ಆ ಬೇರೆ ವಿಭಾಗ ಯಾವುದೆಂದು ಯಾರಿಗೂ ಗೊತ್ತಿರಲಿಲ್ಲ, ಕೇಳುವುದು ಸಭ್ಯತೆಯೂ ಆಗಿರಲಿಲ್ಲ. ಬೊಗಳುವ ನಾಯಿಯ ಮೇಲೆ ದೂರು ಬಂದು ಇವರು ಹೋದಾಗ ನಾಯಿ ಬಿಸ್ಕತ್ತು ತಿನ್ನುತ್ತಿತ್ತು, ಕಡತ ಮುಕ್ತಾಯ. ಹಿಟ್ಟಿನ ಗಿರಣಿಗೆ ಹೋದಾಗ ಗಿರಣಿಯವನು ಊಟಕ್ಕೆ ಎದ್ದಿದ್ದ, ಕಡತ ಮುಕ್ತಾಯ. ಒಂದು ದೂರಿನಲ್ಲಂತೂ ಇವರು ಹೋಗುವ ಹೊತ್ತಿಗೆ ದೂರು ಕೊಟ್ಟ ಮುದುಕರೇ ತೀರಿಕೊಂಡಿದ್ದರು. ಅದಕ್ಕೂ ಮೊಹರು ಬಿತ್ತು. ಅತಿ ಬೇಗ ಮುಗಿದ ಕಡತವೆಂದು ಆ ವರ್ಷ ಅದಕ್ಕೆ ಪ್ರಶಂಸೆಯೂ ಬಂತು.

ಇಂಥ ವಿಭಾಗದ ಸಾಹೇಬರು ತತ್ವಕ್ಕೆ ಬದ್ಧರಾಗಿ ಬ್ಯಾಟರಿ ಕಾರನ್ನೇ ಕೊಂಡಿದ್ದರು. ಎಂಜಿನ್ನಿಲ್ಲ, ಹೊಗೆಯಿಲ್ಲ, ಸದ್ದಂತೂ ಇಲ್ಲವೇ ಇಲ್ಲ. ಎದುರಿಗೆ ಬಂದರೂ ಗೊತ್ತಾಗದೆ ಒಬ್ಬ ಹಾಲಿನವನು ಚರಂಡಿಗೆ ಹಾರಿದ್ದನ್ನು ಅವರು ಎರಡು ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿದ್ದರು. ಆ ಕಾರು ಈ ಬೆಳಿಗ್ಗೆಯಿಂದ ಬಾನೆಟ್ಟಿನ ಒಳಗೆಲ್ಲೋ ಗುಂಯ್ ಎನ್ನುತ್ತಿತ್ತು. ಕಾವ್ಯ ಓದುವವರು ಎರಡು ಸಾಲಿಗೊಮ್ಮೆಯಾದರೂ ಉಸಿರಿಗೆಂದು ನಿಲ್ಲುತ್ತಾರೆ. ಇದಕ್ಕೆ ಪಾದವೂ ಇಲ್ಲ, ಯತಿಯೂ ಇಲ್ಲ. ಒಂದೇ ಗುಕ್ಕಿನಲ್ಲಿ ಕಾಂಡವನ್ನೇ ಮುಗಿಸುವ ಹಟ.

ಕಿವಿಯಣ್ಣ ಮುಂದೆ ಬಂದದ್ದಕ್ಕೆ ಕಾರಣವಿತ್ತು. ಉಪಮುಖ್ಯಸ್ಥರಿಗೆ ವರ್ಗವಾಗಿ ಅವರ ಕೋಣೆ ಖಾಲಿ ಬಿದ್ದಿತ್ತು. ಆ ಕೋಣೆಗೆ ಬಾಗಿಲಿತ್ತು. ಹತ್ತೊಂಬತ್ತು ವರ್ಷ ಹಜಾರದಲ್ಲಿ, ಕುಡಿಯುವ ನೀರಿನ ಡಬ್ಬದ ಕೆಳಗೆ ಕೂತು, ಬಂದುಹೋದವರೆಲ್ಲ ಕೊಡವಿದ ಕೈನೀರನ್ನು ತಲೆಯ ಮೇಲೆ ಹೊತ್ತ ಮನುಷ್ಯನಿಗೆ ಬಾಗಿಲು ಎಂದರೆ ಬರೀ ಹಲಗೆಯಲ್ಲ. ನ್ಯಾಯವಾಗಿ ಆ ಕೋಣೆ ಟೈಪಿನಕ್ಕನಿಗೆ ಹೋಗಬೇಕಾದದ್ದು. ಅವರು ಎರಡು ವರ್ಷ ಹಿರಿಯರು, ವಿಭಾಗದ ಅಷ್ಟೂ ಕೆಲಸವನ್ನು ಮಾಡುತ್ತಿದ್ದವರೂ ಅವರೇ. ಅದಕ್ಕೇ ಅವರನ್ನು ಮೇಜಿನಿಂದ ಎಬ್ಬಿಸಲು ಸಾಹೇಬರಿಗೆ ಮನಸ್ಸು ಬಂದಿರಲಿಲ್ಲ.

ಕಿವಿಯಣ್ಣ ಊರಿನ ಹಳೆಯ ನಕಾಶೆಯೊಂದನ್ನು ತರಿಸಿ, ಸುರುಳಿ ಸುತ್ತಿ, ಒಂದು ತುದಿಯನ್ನು ಬಾನೆಟ್ಟಿಗೂ ಇನ್ನೊಂದನ್ನು ಕಿವಿಗೂ ಹಚ್ಚಿದ. ಕಣ್ಣುಮುಚ್ಚಿದ. ಎಡಕ್ಕೆ ವಾಲಿದ. ಅಂಗಳದಲ್ಲಿ ಉಸಿರಾಟ ನಿಂತಿತು.

“ಹೊಸ ಗಾಡಿ ಸರ್. ತಂಪುಗಾಳಿಯ ಫ್ಯಾನಿಗೆ ಇನ್ನೂ ಹೊಸತನ ಹೋಗಿಲ್ಲ. ಹಟ ಮಾಡೋ ಮಗು ಇದ್ದ ಹಾಗೆ. ಗದರಿಸಿದ್ರೆ ಇನ್ನೂ ಅಳುತ್ತೆ, ಬಿಟ್ಬಿಟ್ರೆ ದಣಿದು ತಾನಾಗೇ ನಿಲ್ಲುತ್ತೆ.”

ಸಾಹೇಬರಿಗೆ ಮೂವರು ಮಕ್ಕಳು, ಮೂವರೂ ಹಟಮಾರಿಗಳು. ಮಾತು ನಾಟಿತು. ಕಾರು ಕಂಪನಿಯವರು ಮುಂದಿನ ವಾರದವರೆಗೆ ಪಾಳಿಯೇ ಇಲ್ಲ ಎಂದಿದ್ದರು, ಕಿವಿಯಣ್ಣ ಇವತ್ತೇ ಎನ್ನುತ್ತಿದ್ದ. ಅವರು ಕೀಯನ್ನು ಅವನ ಅಂಗೈಗೆ ಹಾಕಿ ಒಳಗೆ ಹೋದರು. ಕಾರನ್ನು ಚಾಲೂ ಇಟ್ಟು ದಣಿಸುವ ಚಿಕಿತ್ಸೆ ಹತ್ತು ಗಂಟೆಗೆ ಆರಂಭವಾಯಿತು.

ಹನ್ನೊಂದಾಯಿತು, ಹನ್ನೆರಡಾಯಿತು. ದಣಿಯುವ ಸರದಿ ಕಚೇರಿಯವರದಾಯಿತೇ ಹೊರತು ಕಾರಿನದಾಗಲಿಲ್ಲ. ಒಂದು ಗಂಟೆಗೆ ಕಿವಿಯಣ್ಣ ಇಷ್ಟು ಸಾಕೆಂದು ಕೀ ತಿರುಗಿಸಿ ಹೊರಗೆಳೆದ. ಬೆಳಿಗ್ಗೆ ಕೀ ತೆಗೆದೊಡನೆ ನಿಲ್ಲುತ್ತಿದ್ದ ಸದ್ದು ಈಗ ನಿಲ್ಲಲಿಲ್ಲ. ಕೀ ಅವನ ಕೈಯಲ್ಲಿ, ಸದ್ದು ಕಾರಿನಲ್ಲಿ, ಎರಡಕ್ಕೂ ಮಾತುಕತೆಯೇ ಬಿಟ್ಟುಹೋದ ದಾಯಾದಿಗಳ ಹಾಗೆ.

ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿ ಇದೇನೆಂದು ಕೇಳಿದಾಗ, ಒಳಗೆ ಅಡಗಿದ್ದ ರೋಗ ಈಗ ಹೊರಗೆ ಬಿದ್ದಿದೆ, ಇದು ಶುಭಲಕ್ಷಣವೆಂದು ಕಿವಿಯಣ್ಣ ವಿವರಿಸಿದ.

ಈ ಶುಭಲಕ್ಷಣವನ್ನು ಮೊದಲು ಗುರುತಿಸಿದವರು ಪಕ್ಕದ ಕಟ್ಟಡದ ಗ್ರಂಥಪಾಲಕಿ. ಆಕೆ ಕಳೆದ ಎರಡು ವರ್ಷಗಳಲ್ಲಿ ಹಿಂಬದಿಯ ಜನರೇಟರಿನ ಮೇಲೆ ನಾಲ್ಕು ದೂರು ಕೊಟ್ಟಿದ್ದರು. ನಾಲ್ಕಕ್ಕೂ ‘ಪರಿಶೀಲನೆಯ ವೇಳೆ ಸದ್ದು ಕಂಡುಬಂದಿಲ್ಲ’ ಎಂಬ ಒಂದೇ ಉತ್ತರ ಬಂದಿತ್ತು. ಕರೆಂಟು ಇದ್ದಾಗಲೇ ಪರಿಶೀಲನೆಗೆ ಬಂದರೆ ಜನರೇಟರು ಕಂಡುಬರುವುದಾದರೂ ಹೇಗೆ? ಇವತ್ತು ಆಕೆ ಐದನೆಯ ದೂರನ್ನು ಮೂರು ಪ್ರತಿ ಮಾಡಿ, ಅಂಚು ಸಮ ಮಾಡಿ, ಮುಗುಳ್ನಗುತ್ತಾ ತಂದರು.

“ಓದೋ ಕೋಣೇಲಿ ಒಬ್ಬರು ನಲವತ್ತು ನಿಮಿಷದಿಂದ ಒಂದೇ ಪುಟ ಓದ್ತಿದಾರೆ. ನೀವು ಬರೋ ಹೊತ್ತಿಗೆ ಸದ್ದು ಹೋಗ್ಬಿಡತ್ತೆ ಅನ್ನೋ ಭಯ ಈ ಸಲ ನನಗಿಲ್ಲ. ನೀವು ಬರೋದೇ ಬೇಡವಲ್ಲ, ಅದರ ಪಕ್ಕದಲ್ಲೇ ಇದೀರಿ.”

ನಿಯಮ ನಿಯಮವೇ. ದೂರು ಬಂದ ಗಂಟೆಯೊಳಗೆ ಅಳೆಯಬೇಕು. ಟೈಪಿನಕ್ಕ ಯಂತ್ರ ಹಿಡಿದರು. ಇರಬೇಕಾದದ್ದು ಐವತ್ತು ಡೆಸಿಬೆಲ್, ಇದ್ದದ್ದು ಅರವತ್ತೆಂಟು. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲದವನು ಬೇಲಿಯ ಹತ್ತಿರವೇ ದೂರು ಕೊಡಬೇಕಷ್ಟೆ. ವಾಹನದ ಮಾಲೀಕರಿಗೆ ವಿಭಾಗದ ಮುಖ್ಯಸ್ಥರಿಂದ ನೋಟಿಸು ತಯಾರಾಯಿತು. ಸಾಹೇಬರು ಕೊಟ್ಟವರ ಜಾಗದಲ್ಲಿ ಒಂದು ಸಹಿ ಹಾಕಿದರು. ಟಪಾಲಿನವನು ಅದನ್ನು ಮೇಜಿನ ಈ ಬದಿಯಿಂದ ಆ ಬದಿಗೆ ಒಯ್ದ. ಸಾಹೇಬರು ಪಡೆದವರ ಜಾಗದಲ್ಲಿ ಇನ್ನೊಂದು ಸಹಿ ಹಾಕಿದರು. ಐದು ಗಂಟೆಗೆ ಮತ್ತೆ ಅಳತೆ. ಆಗಲೂ ಸದ್ದಿದ್ದರೆ ಕಡತ ಮೇಲಿನವರಿಗೆ ಹೋಗುತ್ತದೆ ಎಂದು ನೋಟಿಸಿನ ಕೊನೆಯ ಸಾಲು ಹೇಳುತ್ತಿತ್ತು. ಅಂಥ ಸಾಲನ್ನು ಸಾಹೇಬರು ಬೇರೆಯವರಿಗೆ ನೂರಾರು ಸಲ ಕಳಿಸಿದ್ದರು. ಓದಿದ್ದು ಇದೇ ಮೊದಲು.

ಕಿವಿಯಣ್ಣನನ್ನು ಒಳಗೆ ಕರೆದು ಅವರು ದನಿ ತಗ್ಗಿಸಿ ಹೇಳಿದರು: “ಐದು ಗಂಟೆಗೆ ಅದು ಸುಮ್ನಿರಬೇಕು. ಸುಮ್ನಿದ್ರೆ ಆ ಕೋಣೆ ನಿಮ್ದು, ಇವತ್ತೇ. ಇಲ್ಲಾಂದ್ರೆ ಟೈಪಿನಕ್ಕಂಗೆ ಕೊಟ್ಬಿಡ್ತೀನಿ. ಅವರೇನೋ ನನ್ನ ಕಾರಿನ ತಂಟೆಗೆ ಬಂದಿಲ್ಲ.”

ಊಟದ ಹೊತ್ತಿಗೆ ಕಿವಿಯಣ್ಣನ ಹೆಂಡತಿ ಫೋನು ಮಾಡಿ ಅದೇನು ಹಿಂದೆ ಜೇನು ಎದ್ದ ಹಾಗೆ ಸದ್ದು ಎಂದು ಕೇಳಿದಳು. ಅವನು ಸಂಗತಿ ಹೇಳಿದ. ಕೋಣೆಯ ವಿಷಯವನ್ನು ಎರಡು ಸಲ ಹೇಳಿದ. ಅವಳು ಕೋಣೆಯ ಬಗ್ಗೆ ಏನೂ ಅನ್ನದೆ, ತನ್ನ ತಮ್ಮನನ್ನು ಒಂದು ಮಾತು ಕೇಳಬಾರದೇ ಎಂದಳು. ಈ ತಮ್ಮ ಹದಿನಾರು ವರ್ಷದಿಂದ ಗ್ಯಾರೇಜು ನಡೆಸುತ್ತಿದ್ದವನು. ದೂರದ ಊರುಗಳಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಆದರೆ ಹಿತ್ತಲ ಗಿಡ, ಅದರಲ್ಲೂ ಹೆಂಡತಿಯ ತವರಿನ ಹಿತ್ತಲ ಗಿಡ, ಮದ್ದಾಗುವುದುಂಟೆ? ಅವನು ನಟ್ಟು ಬೋಲ್ಟಿನವನು, ಇದು ಕಿವಿಗೆ ಸಂಬಂಧಪಟ್ಟದ್ದು ಎಂದು ಕಿವಿಯಣ್ಣ ಫೋನಿಟ್ಟ.

ಊಟ ಮುಗಿಯುತ್ತಲೇ ಅಂಗಳ ತುಂಬಿತು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು. ಕಾರು ಕೆಟ್ಟರೆ ಆಳಿಗೊಂದು ಸಲಹೆ. ಒಬ್ಬರು ಬ್ಯಾಟರಿಗೆ ನೆರಳು ಬೇಕೆಂದರು. ಒಬ್ಬರು ಚಕ್ರಕ್ಕೆ ಗಾಳಿ ಜಾಸ್ತಿಯೆಂದರು. ವಿಮೆ ಮಾಡಿಸುವವರೊಬ್ಬರು ಸಾಹೇಬರ ವಯಸ್ಸು ಕೇಳಿದರು. ಕಿವಿಯಣ್ಣ ಎಲ್ಲರನ್ನೂ ಕೈಸನ್ನೆಯಲ್ಲಿ ಸುಮ್ಮನಿರಿಸಿ, ಕಾವಲುಗಾರನ ಕಂಬಳಿ, ಸಭಾಂಗಣದ ಪರದೆ, ಕುರ್ಚಿಗಳ ಮೆತ್ತೆ ಎಲ್ಲವನ್ನೂ ತರಿಸಿ ಬಾನೆಟ್ಟಿನ ಮೇಲೆ ಹೇರಿದ. ಸದ್ದು ನಿಲ್ಲಲಿಲ್ಲ, ದನಿ ಮಾತ್ರ ಇಳಿಯಿತು. ಮೊದಲು ಜೇನಿನಂತೆ ಇದ್ದದ್ದು ಈಗ ಹೊದ್ದು ಮಲಗಿದ ಮಾವನವರ ಗೊರಕೆಯಂತಾಯಿತು. ಗ್ರಂಥಪಾಲಕಿ ಕಾಂಪೌಂಡಿನ ಮೇಲಿಂದ ನೋಡಿ, ಕಡತಕ್ಕೆ ಹೊದಿಸೋ ಬಟ್ಟೆಯನ್ನೇ ಕಾರಿಗೂ ಹೊದಿಸಿದ್ದೀರಿ ಎಂದು ಹೇಳಿ ಹೋದರು.

ಈ ಗದ್ದಲದಲ್ಲಿ ಟೈಪಿನಕ್ಕ ಸದ್ದಿಲ್ಲದೆ ಹೋಗಿ ಚಾಲಕನ ಸೀಟಿನಲ್ಲಿ ಕೂತು ಬ್ರೇಕು ತುಳಿದು ನೋಡಿದರು. ತುಳಿದಾಗ ಗುಂಯ್ ಒಂದು ಮೆಟ್ಟಿಲು ಏರಿತು. ಕಾಲ ಬುಡದಲ್ಲೆಲ್ಲೋ ಬುಸ್ ಎಂದು ಗಾಳಿ ಎಳೆದ ಹಾಗಾಯಿತು. ಅವರು ಮೂರು ಸಲ ತುಳಿದರು. ಮೂರು ಸಲವೂ ಹಾಗೇ ಆಯಿತು.

“ಬ್ರೇಕಿಗೂ ಇದಕ್ಕೂ ಏನೋ ನಂಟಿದೆ. ಎಲ್ಲೋ ಗಾಳಿ ಸೋರ್ತಿದೆ ಅನ್ಸುತ್ತೆ,” ಎಂದರು.

ಕಿವಿಯಣ್ಣ ಮರುಕದಿಂದ ನಕ್ಕ. ಕಿವಿ ಇರುವಾಗ ಕಾಲಿನ ಮಾತು ಯಾರು ಕೇಳುತ್ತಾರೆ ಎಂದ. ಸುತ್ತ ನಿಂತವರೂ ನಕ್ಕರು. ಟೈಪಿನಕ್ಕ ಇಳಿದು ಹೋಗಿ ಬಾಕಿಯಿದ್ದ ಕಾಗದಗಳನ್ನು ಟೈಪು ಮಾಡತೊಡಗಿದರು. ಆ ದಿನ ಅಂಗಳದಲ್ಲಿ ಆಡಿದ ಒಂದೇ ಒಂದು ನಿಜವಾದ ಮಾತು ಹೀಗೆ ಹಾಸ್ಯವಾಗಿ ಮುಗಿದುಹೋಯಿತು.

ನಾಲ್ಕು ನಲವತ್ತಕ್ಕೆ ಕಿವಿಯಣ್ಣ ಹೊದಿಕೆಗಳನ್ನೆಲ್ಲ ಕಿತ್ತೆಸೆದು ಬಾನೆಟ್ಟು ಎತ್ತಿದ. ಒಳಗೆ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗೆ ಸಾಲಾಗಿ ಚುಚ್ಚಿಟ್ಟ ಕರಿ ಡಬ್ಬಿಗಳು, ಬೆಲ್ಲದ ಸಣ್ಣ ಅಚ್ಚುಗಳ ಹಾಗೆ. ಕಿವಿಯಿಂದ ಇನ್ನು ಕೆಲಸವಾಗದೆಂದು ಬೆರಳಿಗೆ ಗೊತ್ತಾಗಿತ್ತು. ಮೊದಲನೆಯದನ್ನು ಕಿತ್ತ, ಏನೂ ಆಗಲಿಲ್ಲ, ಮತ್ತೆ ಚುಚ್ಚಿದ. ಎರಡನೆಯದೂ ಮೂರನೆಯದೂ ಹಾಗೇ. ನಾಲ್ಕನೆಯದು ಮುಟ್ಟಿದೊಡನೆ ಬೆರಳು ಸುಟ್ಟಿತು. ಕರವಸ್ತ್ರ ಸುತ್ತಿ ಎಳೆದ.

ಸದ್ದು ನಿಂತಿತು.

ಬೆಳಗಿನಿಂದ ಕಿವಿಯಲ್ಲಿ ಮನೆ ಮಾಡಿದ್ದ ಸದ್ದು ಥಟ್ಟನೆ ಎದ್ದುಹೋದಾಗ ಆ ಮೌನ ಎಲ್ಲರ ಮೈಮೇಲೆ ತಣ್ಣೀರಿನಂತೆ ಬಿತ್ತು. ಮಹಾಕಾವ್ಯ ಮುಗಿಸಿ ಪುಸ್ತಕ ಮುಚ್ಚಿದಾಗ ಕೇಳುಗರು ಕೂರುವ ಹಾಗೆ ಜನ ಒಂದು ಗಳಿಗೆ ಅಲ್ಲಾಡಲಿಲ್ಲ. ಆಮೇಲೆ ಟಪಾಲಿನವನು ಚಪ್ಪಾಳೆ ತಟ್ಟಿದ. ಕಿವಿಯಣ್ಣ ಬಿಸಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಆ ಉರಿಯಲ್ಲೂ, ಕಣ್ಣುಮುಚ್ಚಿ ಎಡಕ್ಕೆ ವಾಲಿದ.

ಐದಕ್ಕೆ ಸರಿಯಾಗಿ ಅಳತೆಯಾಯಿತು. ಮೂವತ್ತೊಂಬತ್ತು. ಅದರಲ್ಲೂ ಅರ್ಧ ಪಾಲು ಗ್ರಂಥಪಾಲಕಿಯ ಉಸಿರಾಟ. ಆಕೆ ಇದು ಯಾಕೆ ನಿಂತಿತೆಂದು ಕೇಳಿದರು. ಅದು ನಮ್ಮ ವಿಭಾಗಕ್ಕೆ ಬರುವುದಿಲ್ಲವೆಂದು ಸಾಹೇಬರು ಮೊಹರು ಒತ್ತಿದರು. ಕಿವಿಯಣ್ಣ ಸಾಹೇಬರ ಸಮಾಧಾನಕ್ಕೆಂದು ಕೀ ಹಾಕಿ ಕಾರನ್ನು ಚಾಲೂ ಮಾಡಿ ತೋರಿಸಿದ. ಪಿಟ್ಟೆನ್ನಲಿಲ್ಲ. ಮುಂದಿನ ಫಲಕದಲ್ಲಿ ಮಾತ್ರ ಒಂದು ಕೆಂಪು ದೀಪ ಹತ್ತಿ ಹಾಗೇ ಉರಿಯತೊಡಗಿತು.

“ಅದೇನದು?” ಎಂದರು ಸಾಹೇಬರು.

“ದೀಪ ಸರ್. ಸದ್ದು ಮಾಡಲ್ಲ.”

“ಹೌದಲ್ಲ,” ಎಂದು ಸಾಹೇಬರು ತೃಪ್ತರಾದರು.

ಐದೂ ಹತ್ತಕ್ಕೆ ಕಿವಿಯಣ್ಣನ ಮೇಜು ನೀರಿನ ಡಬ್ಬದ ಕೆಳಗಿನಿಂದ ಎದ್ದಿತು. ನಾಲ್ವರು ಹೊತ್ತರು. ಬಾಗಿಲಿನಲ್ಲಿ ಮೇಜು ಹಿಡಿಸದೆ ಒಂದು ಕಾಲು ಬಿಚ್ಚಬೇಕಾಯಿತು. ಬಾಗಿಲು ಇದ್ದರೆ ಇಂಥ ತೊಡಕುಗಳೂ ಇರುತ್ತವೆ ಎಂದು ಅವನು ಆಗಲೇ ಅನುಭವಿಯಂತೆ ಹೇಳಿದ. ಎಲ್ಲರೂ ಹೋದ ಮೇಲೆ ಬಾಗಿಲು ಮುಚ್ಚಿದ. ತೆರೆದ. ಮತ್ತೆ ಮುಚ್ಚಿದ. ಟಪಾಲಿನವನನ್ನು ಕರೆದು, ಹೊರಗೆ ಹೋಗಿ ತಟ್ಟೆಂದ. ಅವನು ತಟ್ಟಿದ. ಕಿವಿಯಣ್ಣ ಸ್ವಲ್ಪ ಹೊತ್ತು ಕಾಯಿಸಿ “ಬರಬಹುದು” ಎಂದ. ದನಿ ತೃಪ್ತಿಯಾಗದೆ ಇನ್ನೊಂದು ಸಲ ತಟ್ಟಿಸಿದ. ಮೂರನೆಯ ಸಲ ಟಪಾಲಿನವನು ತಟ್ಟದೆ ಮನೆಗೆ ಹೋದ.

ಹನ್ನೊಂದು ನಿಮಿಷದ ಈ ವೈಭವದ ಮಧ್ಯೆ ಫೋನು ಬಡಿದುಕೊಂಡಿತು. ಹೆಂಡತಿಯ ತಮ್ಮ. ಅಕ್ಕ ವಿಷಯ ಹೇಳಿದಳು, ಕೈಯಲ್ಲಿ ಕೆಲಸವಿತ್ತು, ಈಗ ಬಿಡುವಾಯಿತು ಎಂದ.

“ಈಗ ಯಾಕೆ ಬಿಡು,” ಎಂದ ಕಿವಿಯಣ್ಣ. “ನಿಲ್ಲಿಸಿ ಆಯ್ತು. ತಂಪುಗಾಳಿ ಫ್ಯಾನು.”

“ಫ್ಯಾನಾ? ಕೀ ಹಾಕಿದಾಗಿಂದ ಬಿಡದೆ ಗುಂಯ್ ಅಂತಿತ್ತಂತೆ, ಬ್ರೇಕು ತುಳಿದ್ರೆ ಜಾಸ್ತಿ ಆಗ್ತಿತ್ತಾ ಭಾವ?”

ಕಿವಿಯಣ್ಣ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. ಆ ಕಾಲಿನ ಮಾತು ಇವನಿಗೆ ಹೇಗೆ ತಿಳಿಯಿತು?

“ಆಗ್ತಿತ್ತು ಅಂತ ಇಟ್ಕೋ.”

“ಹಾಗಾದ್ರೆ ಅದು ಬ್ರೇಕಿನ ವ್ಯಾಕ್ಯೂಮ್ ಪಂಪು. ಗಾಳಿ ಎಳೆದು ಖಾಲಿ ಮಾಡಿ ಇಡುತ್ತೆ, ಅದಕ್ಕೇ ಪೆಡಲ್ಲು ಬೆರಳಲ್ಲಿ ಒತ್ತಿದ ಹಾಗೆ ಇಳಿಯೋದು. ಎಲ್ಲೋ ರಬ್ಬರ್ ಪೈಪು ಬಿರಿದಿದೆ. ಎಷ್ಟು ಎಳೆದರೂ ತುಂಬ್ಕೊಳ್ತಾ ಇದೆ, ಅದಕ್ಕೇ ಪಂಪು ನಿಲ್ತಿಲ್ಲ. ಬಿರುಕು ಬಿಟ್ಟ ಕೊಡಕ್ಕೆ ನೀರು ಹೊತ್ತ ಹಾಗೆ. ತುಂಬ ಹೊತ್ತು ಓಡಿಸಲಿಲ್ಲ ತಾನೆ?”

“ಮೂರು ಗಂಟೆ.”

“ಅಯ್ಯೋ ಭಾವ. ಪಂಪಿಗೆ ಕರೆಂಟು ಬಿಡೋ ರಿಲೇ ಕಾದು ಅಂಟ್ಕೊಂಡಿರುತ್ತೆ. ಆಮೇಲೆ ಕೀ ತೆಗೆದ್ರೂ ನಿಲ್ಲಲ್ಲ. ಮತ್ತೆ ನೀವು ಹೇಗೆ ನಿಲ್ಲಿಸಿದ್ರಿ?”

ಕಿವಿಯಣ್ಣನ ಕೈ ಜೇಬಿಗೆ ಹೋಯಿತು. ಡಬ್ಬಿ ಈಗ ತಣ್ಣಗಾಗಿತ್ತು. “ಒಂದು ಕರಿ ಡಬ್ಬಿ ಕಿತ್ತೆ,” ಎಂದ.

ಆ ಕಡೆ ಯಾವುದೋ ಪಾನಾ ಕೆಳಗಿಟ್ಟ ಸದ್ದಾಯಿತು.

“ಪಂಪು ಕೂಗ್ತಿದ್ದದ್ದು ನನ್ನಿಂದ ಆಗ್ತಿಲ್ಲ, ನೋಡಿ ಅಂತ. ನೀವು ಅದರ ಬಾಯಿ ಕಟ್ಟಿದೀರಿ. ಈಗ ಪೆಡಲ್ಲು ಕಲ್ಲಾಗಿರುತ್ತೆ. ಸಮತಟ್ಟಲ್ಲಿ ಹೇಗೋ ನಿಲ್ಲಿಸಬಹುದು. ನಿಮ್ಮ ಕಚೇರಿ ಇಳಿಜಾರಲ್ಲಿ ಎರಡು ಕಾಲು ಸೇರಿಸಿ ನಿಂತರೂ ಕಷ್ಟ. ಆ ಗಾಡಿ ಅಂಗಳದಿಂದ ಕದಲಬಾರದು. ಬೆಳಿಗ್ಗೆ ನಾನೇ ಬಂದು ಪೈಪು ಹಾಕ್ತೀನಿ. ಡಬ್ಬಿ ವಾಪಸ್ ಹಾಕ್ಬಿಟ್ರೆ ಸಾಕು ಅಂತ ಓಡಿಸಲೂ ಬೇಡಿ.”

ಬೆಳಗಿನವರೆಗೆ ಈ ಮಾತು ನಮ್ಮಿಬ್ಬರಲ್ಲೇ ಇರಲಿ ಎಂದು ಕಿವಿಯಣ್ಣ ಫೋನಿಟ್ಟ. ಲೆಕ್ಕ ಸುಲಭವಾಗಿತ್ತು. ಸಾಹೇಬರು ಆರರವರೆಗೆ ಕುರ್ಚಿಯಿಂದ ಏಳುವವರಲ್ಲ. ಅಷ್ಟರಲ್ಲಿ ಏನಾದರೊಂದು ನೆವ ಹುಟ್ಟುತ್ತದೆ; ಹತ್ತೊಂಬತ್ತು ವರ್ಷದ ಸರ್ಕಾರಿ ಕೆಲಸ ನೆವ ಹುಟ್ಟಿಸುವುದನ್ನಾದರೂ ಕಲಿಸದೆ ಇರುತ್ತದೆಯೇ? ಬೆಳಿಗ್ಗೆ ಪೈಪು ಬೀಳುತ್ತದೆ, ಕೋಣೆ ಉಳಿಯುತ್ತದೆ. ಹೀಗೆಂದುಕೊಂಡು ಕಿಟಕಿಯ ಹತ್ತಿರ ಹೋಗಿ ಕೆಳಗೆ ನೋಡಿದ.

ಕೆಳಗೆ ಕಾರಿನ ನಾಲ್ಕು ಬಾಗಿಲೂ ತೆರೆದಿದ್ದವು. ಮೇಲಿನ ರಸ್ತೆಯ ಕಣ್ಣಿನ ಆಸ್ಪತ್ರೆಯಿಂದ ಸಾಹೇಬರ ತಾಯಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಂದಿದ್ದರು. ಸಾಹೇಬರು ಅವರನ್ನು ಮೆಲ್ಲಗೆ ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಕೋಣೆ ಕೊಡಲಾಗದ ಮುಜುಗರಕ್ಕೋ ಏನೋ, ಟೈಪಿನಕ್ಕನನ್ನೂ ಬಸ್ ನಿಲ್ದಾಣದವರೆಗೆ ಬಿಡುತ್ತೇನೆಂದು ಕರೆದಿದ್ದರು. ಅಂಗಳದ ಗೇಟಿನಿಂದ ರಸ್ತೆ ಜಾರುಬಂಡೆಯ ಹಾಗೆ ನೇರ ಕೆಳಗಿಳಿದಿತ್ತು. ತುದಿಯಲ್ಲಿ ತರಕಾರಿ ಗಾಡಿಗಳು, ಬಸ್ಸಿಗೆ ಕಾದ ಜನ, ಈಗಷ್ಟೇ ಬಿಟ್ಟ ಟ್ಯೂಷನ್ನಿನ ಸೈಕಲ್ಲುಗಳು.

ಕಿವಿಯಣ್ಣ ಕೋಣೆಯ ಬಾಗಿಲು ಮುಚ್ಚುವುದನ್ನೂ ಮರೆತು ಮೆಟ್ಟಿಲು ಇಳಿದ.

“ಬನ್ನಿ ಬನ್ನಿ, ಉಪಮುಖ್ಯಸ್ಥರೇ,” ಎಂದರು ಸಾಹೇಬರು. ಮೆಟ್ಟಿಲ ಮೇಲಿದ್ದವರಿಗೆಲ್ಲ ಕೇಳುವಂತೆಯೇ ಎಂದರು. “ಕೀ ನಿಮ್ಮ ಹತ್ರಾನೇ ಉಳ್ಕೊಂಡಿದೆ.”

ಕಾರು ಈಗ ತಾನೇ ಸುಮ್ಮನಾಗಿದೆ, ಇವತ್ತೊಂದು ರಾತ್ರಿ ಮಲಗಲು ಬಿಡುವುದು ಒಳ್ಳೆಯದೆಂದು ಕಿವಿಯಣ್ಣ ಹೇಳಿದ. ಸಾಹೇಬರು ನಕ್ಕರು. ಸಂಜೆಯ ಹೊತ್ತು ಇಳಿಜಾರಿನಲ್ಲಿ ನಡೆದರೆ ರಕ್ತಸಂಚಾರಕ್ಕೆ ಒಳ್ಳೆಯದೆಂದ. ಒಳಗಿನಿಂದ ಸಾಹೇಬರ ತಾಯಿ, “ಹೊಸ ಮಂಡಿ ಕೊಡಿಸ್ತೀಯೇನಪ್ಪ, ನಡೀತೀನಿ,” ಎಂದರು. ಆಟೋ ತರುತ್ತೇನೆಂದ. ಮನೆಯಲ್ಲಿ ಕಾರಿರುವವರು ಆಟೋ ಹತ್ತಿದರೆ ನೋಡಿದವರು ಏನಂದಾರು ಎಂದು ಸಾಹೇಬರ ಮುಖ ಬಿಗಿಯಿತು. ಕೊನೆಗೆ ಅವನು ಜೇಬಿನಿಂದ ಡಬ್ಬಿ ತೆಗೆದು ಬಾನೆಟ್ಟಿನ ಕಡೆ ಹೆಜ್ಜೆಯಿಟ್ಟ. ಸಾಹೇಬರು ಅಡ್ಡ ಬಂದರು.

“ಮುಟ್ಬೇಡಿ. ಸುಮ್ನಿರೋದನ್ನ ಮುಟ್ಟಬಾರದು ಅಂತ ನಾನು ನಿಮಗೆ ಹೇಳ್ಕೊಡಬೇಕಾ?”

“ಸರ್, ಬ್ರೇಕು…”

“ಬ್ರೇಕು ಸದ್ದು ಮಾಡ್ತಿದೆಯಾ?”

“ಇಲ್ಲ ಸರ್.”

“ಬೇರೆ ಏನಾದ್ರೂ ಸದ್ದು ಮಾಡ್ತಿದೆಯಾ?”

“ಏನೂ ಮಾಡ್ತಿಲ್ಲ ಸರ್. ಅದೇ…”

“ಮತ್ತೆ ತೊಂದರೆ ಏನು?”

ಈ ಪ್ರಶ್ನೆಗೆ ವಿಭಾಗದ ಇಡೀ ಇತಿಹಾಸದಲ್ಲಿ ಯಾರೂ ಉತ್ತರ ಕೊಟ್ಟಿರಲಿಲ್ಲ. ನಾಯಿಯ ದೂರಿನವರು ಕೊಡಲಿಲ್ಲ, ಗಿರಣಿಯ ದೂರಿನವರೂ ಕೊಡಲಿಲ್ಲ. ಇದೇ ಪ್ರಶ್ನೆಯನ್ನು ಕಿವಿಯಣ್ಣ ಎಷ್ಟು ಮನೆಗಳ ಹೊಸ್ತಿಲಲ್ಲಿ ನಿಂತು, ಎಷ್ಟು ಜನರ ಬಾಯಿ ಮುಚ್ಚಿಸಲು ಕೇಳಿದ್ದನೋ ಲೆಕ್ಕವಿಲ್ಲ. ಈಗ ಅದು ತನ್ನ ಹೊಸ್ತಿಲಿಗೇ ಬಂದು ನಿಂತಾಗ ಅವನ ಬಾಯಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು. ಹಿಂದಿನ ಸೀಟಿನಲ್ಲಿ ಟೈಪಿನಕ್ಕ ಅವನ ಕೈಯಲ್ಲಿದ್ದ ಡಬ್ಬಿ ನೋಡಿದರು, ಮುಖ ನೋಡಿದರು. ಒಂದು ಕಾಲನ್ನು ಮೆಲ್ಲಗೆ ಕಾರಿನಿಂದ ಹೊರಗಿಟ್ಟು, ಪಕ್ಕದ ಮುದುಕಿಯ ರಟ್ಟೆ ಹಿಡಿದರು.

ಸಾಹೇಬರಿಗೆ ಈಗ ಸಿಟ್ಟು ಬಂದಿತ್ತು. ತಾಯಿ ಕಾಯುತ್ತಿದ್ದರು, ಮೆಟ್ಟಿಲ ಮೇಲೆ ಜನ ನೋಡುತ್ತಿದ್ದರು, ಕಾಂಪೌಂಡಿನ ಆಚೆ ಗ್ರಂಥಪಾಲಕಿ ಬೀಗ ಹಾಕುವ ನೆಪದಲ್ಲಿ ಒಂದೇ ಬೀಗವನ್ನು ಮೂರನೆಯ ಸಲ ಹಾಕುತ್ತಿದ್ದರು. ಅವರು ಅಂಗೈ ಚಾಚಿದರು.

“ಆ ಕೋಣೇಲಿ ನಿಮ್ಮ ಮೇಜು ಹಾಕಿ ಇನ್ನೂ ಅರ್ಧ ಗಂಟೆ ಆಗಿಲ್ಲ. ಹೊರಗೆ ತರೋಕೆ ನಾಲ್ಕು ಜನ ಇನ್ನೂ ಇಲ್ಲೇ ಇದಾರೆ. ಕೀ ಕೊಡಿ.”

ಕಿವಿಯಣ್ಣ ಮೇಲೆ ತನ್ನ ಕೋಣೆಯ ಕಿಟಕಿಯೊಳಕ್ಕೆ ನೋಡಿದ. ತೆರೆದುಬಿಟ್ಟು ಬಂದ ಬಾಗಿಲು ಗಾಳಿಗೆ ತಾನಾಗಿ ಮುಚ್ಚಿಕೊಂಡಿತು. ಎಂಥ ಮೆತ್ತನೆಯ ಬಾಗಿಲು, ಸದ್ದೇ ಆಗಲಿಲ್ಲ. ಅವನು ಕೀಯನ್ನು ಮುಷ್ಟಿಯೊಳಗೆ ಬಿಗಿಹಿಡಿದು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

“ಕೊಡಲ್ಲ ಸರ್.”